ಸೂಪರ್‌ಕಾರ್‌ಗೆ ಬಣ್ಣ ಆರಿಸುವುದು ಹೇಗೆ: ಮೊದಲ ಸ್ಯಾಂಪಲ್‌ನಿಂದ ಕೊನೆಯ ಸಹಿಯವರೆಗೆ

ಬುಕಿಂಗ್ ಹಣ ಕಟ್ಟಿದ ರಾತ್ರಿ ಕಂಪನಿಯ ಕಾನ್ಫಿಗರೇಟರ್ ತೆರೆದು ಕೂರದವರನ್ನು ನಾನಂತೂ ನೋಡಿಲ್ಲ. ಒಮ್ಮೆ ಒತ್ತಿದರೆ ಕಾರು ಕೆಂಪು, ಇನ್ನೊಮ್ಮೆ ಒತ್ತಿದರೆ ಹಸಿರು. ಬೆಳಗಾಗುವಷ್ಟರಲ್ಲಿ ಫೋನಿನ ತುಂಬ ಸ್ಕ್ರೀನ್‌ಶಾಟ್, ತಲೆಯ ತುಂಬ ಗೊಂದಲ. ನಾನು ಬೆಂಗಳೂರಿನಲ್ಲಿ ಕಾರುಗಳ ಮೈ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ: ಪಾಲಿಶ್, ಸೆರಾಮಿಕ್ ಕೋಟಿಂಗ್, ಪಿಪಿಎಫ್ (ಪೇಂಟನ್ನು ಕಾಯುವ ಪಾರದರ್ಶಕ ಫಿಲ್ಮ್). ಬಣ್ಣ ಆರಿಸುವ ಮೊದಲು ಬಂದು ಕೇಳುವವರು ಕಡಿಮೆ. ಕಾರು ಬಂದ ಮೇಲೆ ನಮ್ಮ ಅಂಗಡಿಯ ದೀಪದ ಕೆಳಗೆ ನಿಂತು ‘ಬೇರೆ ತಗೋಬೇಕಿತ್ತು’ ಅನ್ನುವವರು ಜಾಸ್ತಿ. ಕೋಟಿಗಟ್ಟಲೆ ಕೊಟ್ಟು, ಒಂದು ವರ್ಷ ಕಾದು, ಆಮೇಲೆ ಹಾಗನ್ನಿಸಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ತಪ್ಪಿಸಲು, ನಾನು ಹತ್ತಿರದವರಿಗೆ ಹೇಳುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಕಾರು ಎಲ್ಲಿ ನಿಲ್ಲುತ್ತದೆ, ಯಾವ ಹೊತ್ತಿಗೆ ಹೊರಡುತ್ತದೆ

ಬಣ್ಣದ ಪಟ್ಟಿ ತೆಗೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕಾರನ್ನು ನೀವು ಯಾವ ಬೆಳಕಿನಲ್ಲಿ ಹೆಚ್ಚು ನೋಡುತ್ತೀರಿ ಎಂದು ಬರೆಯಿರಿ. ಬೆಂಗಳೂರಿನ ಹೆಚ್ಚಿನ ಸೂಪರ್‌ಕಾರ್‌ಗಳು ವಾರದ ದಿನಗಳಲ್ಲಿ ಬೇಸ್‌ಮೆಂಟಿನ ಬಿಳಿ ಎಲ್‌ಇಡಿ ಕೆಳಗೆ ಮಲಗಿರುತ್ತವೆ. ಭಾನುವಾರ ನಸುಕಿನಲ್ಲಿ ಎದ್ದು ನಂದಿ ಬೆಟ್ಟದ ಕಡೆಗೋ ಮೈಸೂರು ರಸ್ತೆಗೋ ಹೋಗಿ, ಬಿಸಿಲೇರುವ ಮೊದಲು ವಾಪಸ್. ಅಂದರೆ ಮಾಲೀಕರ ಕಣ್ಣಿಗೆ ಹೆಚ್ಚು ಬೀಳುವುದು ಎಳೆಬಿಸಿಲಿನ ಕಾರು. ಆ ಓರೆ ಬೆಳಕಿನಲ್ಲಿ ಕಡು ಹಸಿರು, ಕಡು ನೀಲಿ, ಕಂಚಿನ ಬಣ್ಣದ ಮೆಟಾಲಿಕ್‌ಗಳು ಜೀವ ತುಂಬಿಕೊಳ್ಳುತ್ತವೆ.

ದುಬೈಯಲ್ಲಿರುವ ನಮ್ಮವರ ಕಥೆ ಬೇರೆ. ಅಲ್ಲಿ ನೆತ್ತಿಯ ಮೇಲಿನ ಬಿಸಿಲಿಗೆ ತೆಳು ಬಣ್ಣಗಳು ಸಪ್ಪೆಯಾಗಿ ಎಲ್ಲವೂ ಬಿಳಿಯಂತೆಯೇ ಕಾಣುತ್ತವೆ. ಕಪ್ಪು ಬಾಗಿಲಿಗೆ ಕೈ ಇಡಲಾಗುವುದಿಲ್ಲ. ಲಂಡನ್ನಿನಲ್ಲಿ ಮೋಡದ ದಿನಗಳೇ ಹೆಚ್ಚು. ಬೆಳಕು ಎಲ್ಲ ಕಡೆಯಿಂದ ಸಮವಾಗಿ ಬರುವುದರಿಂದ ಮೆಟಾಲಿಕ್‌ನ ಮಿನುಗು ಅಷ್ಟಾಗಿ ಏಳುವುದಿಲ್ಲ. ಅಲ್ಲಿ ಮಿನುಗಿಲ್ಲದ ಗಟ್ಟಿ ಹಳದಿ, ಕಿತ್ತಳೆಗಳು ದೀಪ ಹಚ್ಚಿದ ಹಾಗೆ ಕಾಣುತ್ತವೆ. ಒಂದೇ ಬಣ್ಣ ಒಬ್ಬರಿಗೆ ಅದ್ಭುತ ಅನ್ನಿಸಿ ಇನ್ನೊಬ್ಬರಿಗೆ ಮಂಕಾಗುವುದು ಇದರಿಂದಲೇ.

ಅದೇ ಹಾಳೆಯಲ್ಲಿ ಕಾರು ಮರದ ಕೆಳಗೆ ನಿಲ್ಲುತ್ತದೋ, ತೊಳೆಯುವವರು ಯಾರು, ನೀರು ಯಾವುದು ಅನ್ನುವುದನ್ನೂ ಬರೆದುಕೊಳ್ಳಿ. ಬೋರ್‌ವೆಲ್ ನೀರು ಬಿಸಿಲಲ್ಲಿ ಒಣಗಿದರೆ ಕಪ್ಪು ಕಾರಿನ ಮೇಲೆ ಸುಣ್ಣದ ಉಂಗುರಗಳು ಎದ್ದು ಕೂರುತ್ತವೆ. ಹಕ್ಕಿ ಹಿಕ್ಕೆ ಬಿಸಿಲಿಗೆ ಸಿಕ್ಕರೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್‌ಕೋಟ್ ಅನ್ನೇ ತಿನ್ನುತ್ತದೆ. ಯಾವ ಬಣ್ಣವೂ ಇದರಿಂದ ಪಾರಾಗುವುದಿಲ್ಲ, ಆದರೆ ಬೆಳ್ಳಿ ಮತ್ತು ತಿಳಿ ಬೂದು ಮೆಟಾಲಿಕ್‌ಗಳು ಮರೆಮಾಚುವಷ್ಟು ಚೆನ್ನಾಗಿ ಬೇರೆಯವು ಮರೆಮಾಚವು.

ಮೈಕಟ್ಟಿಗೆ ತಕ್ಕ ಬಣ್ಣ

ಸೂಪರ್‌ಕಾರ್ ಕೊಳ್ಳುವುದೇ ಅದರ ಆಕಾರಕ್ಕೆ. ಹಾಗಿದ್ದಮೇಲೆ ಬಣ್ಣದ ಮೊದಲ ಕೆಲಸ ಆಕಾರವನ್ನು ತೋರಿಸುವುದು. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ತಿಳಿ ಬಣ್ಣದಲ್ಲಿ ಆಕಾರ ಕಾಣುವುದು ನೆರಳಿನಿಂದ. ಬಾಗಿಲಿನ ಮಡಿಕೆಯ ಕೆಳಗೆ ಬೀಳುವ ನೆರಳು ಬಿಳಿಯ ಮೇಲೆ, ಹಳದಿಯ ಮೇಲೆ ಸ್ಪಷ್ಟ. ಕಪ್ಪಿನ ಮೇಲೆ ನೆರಳು ಕಾಣುವುದೇ ಇಲ್ಲ, ಅಲ್ಲಿ ಆಕಾರ ಕಾಣುವುದು ಪ್ರತಿಬಿಂಬದಿಂದ ಮಾತ್ರ. ಅದಕ್ಕೇ ಶೋರೂಂನ ಉದ್ದ ಟ್ಯೂಬುಗಳ ಕೆಳಗೆ ಕಪ್ಪು ಕಾರು ಮೈ ಜುಂ ಅನ್ನಿಸುತ್ತದೆ. ಅದನ್ನೇ ಧೂಳು ಹಿಡಿದ ಮೈಯಲ್ಲಿ ರಸ್ತೆ ಬದಿ ನೋಡಿ, ಪ್ರತಿಬಿಂಬವಿಲ್ಲ, ಆಕಾರವೂ ಇಲ್ಲ.

ಮೆಟಾಲಿಕ್ ಇವೆರಡರ ನಡುವೆ ಇನ್ನೊಂದು ಆಟ ಆಡುತ್ತದೆ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಸಣ್ಣ ಕನ್ನಡಿಗಳಂತೆ ಪೇಂಟಿನೊಳಗೆ ಒರಗಿರುತ್ತವೆ. ನೇರ ನೋಡಿದಾಗ ಬೆಳಗುತ್ತವೆ, ಓರೆಯಿಂದ ನೋಡಿದಾಗ ಕಡುವಾಗುತ್ತವೆ. ಮೈ ತಿರುಗಿದಲ್ಲೆಲ್ಲ ಬಣ್ಣವೂ ತಿರುಗುತ್ತದೆ. ಫೆರಾರಿಯ ಹಿಂದಿನ ಚಕ್ರದ ಮೇಲಿನ ಉಬ್ಬು, ಪೋರ್ಷೆ 911ರ ಹಿಂಬದಿಯ ಇಳಿಜಾರು, ಇಂಥ ದುಂಡು ಮೈಗಳಿಗೆ ಮೆಟಾಲಿಕ್ ಹೇಳಿ ಮಾಡಿಸಿದ್ದು. ಲ್ಯಾಂಬೋರ್ಗಿನಿಯ ಮೈ ಕಾಗದ ಮಡಚಿದ ಹಾಗೆ, ಸಮತಟ್ಟು ಹಲಗೆಗಳು ಚೂಪು ಅಂಚಿನಲ್ಲಿ ಕೂಡುತ್ತವೆ. ಅಲ್ಲಿ ಗಟ್ಟಿ ಬಣ್ಣ, ಇಲ್ಲವೇ ಮುತ್ತಿನ ಹೊಳಪಿನ ಪರ್ಲ್, ಆ ಅಂಚುಗಳನ್ನು ಚಾಕುವಿನಂತೆ ಎತ್ತಿ ತೋರಿಸುತ್ತದೆ. 1966ರಲ್ಲಿ ಜಿನೀವಾದಲ್ಲಿ ಅದೇ ಕಂಪನಿಯ ಮಿಉರಾ ಕಿತ್ತಳೆಯಲ್ಲಿ, 1971ರಲ್ಲಿ ಅದೇ ಊರಿನಲ್ಲಿ ಕೌಂಟಾಶ್‌ನ ಮೊದಲ ಮಾದರಿ ಹಳದಿಯಲ್ಲಿ ನಿಂತಿದ್ದವು. ಆ ಹಳದಿಯಿಂದಲೇ ಕೌಂಟಾಶ್‌ನ ಒಂದೊಂದು ಗೆರೆಯೂ ಜನರ ಕಣ್ಣಲ್ಲಿ ಉಳಿಯಿತು ಎಂದು ನಾನು ನಂಬಿದ್ದೇನೆ.

ಒಂದು ವಿಷಯ ಮರೆಯಬೇಡಿ: ಗಾಳಿ ಒಳಹೋಗುವ ಬಾಯಿಗಳು, ಮುಂದಿನ ಬಂಪರಿನ ಕೆಳತುಟಿಯಾದ ಸ್ಪ್ಲಿಟರ್, ಹಿಂದಿನ ಬಂಪರಿನ ಕೆಳಗಿನ ಡಿಫ್ಯೂಸರ್ ಸಾಮಾನ್ಯವಾಗಿ ಕಪ್ಪು. ಮೈ ಬಿಳಿಯಾದರೆ ಈ ಕಪ್ಪುಗಳೆಲ್ಲ ಒಂದೊಂದಾಗಿ ಎದ್ದು ಕಾಣುತ್ತವೆ. ಮೈ ಕಡು ಬೂದಾದರೆ ಎಲ್ಲವೂ ಒಂದರಲ್ಲೊಂದು ಕರಗುತ್ತದೆ. ಕಾರಿನ ಮೂತಿ ನಿಮಗೆ ಗದ್ದಲ ಅನ್ನಿಸಿದರೆ ಕಡು ಬಣ್ಣಕ್ಕೆ ಹೋಗಿ. ಆ ಗದ್ದಲವೇ ಇಷ್ಟವಾಗಿದ್ದರೆ ತಿಳಿ ಬಣ್ಣ.

ಮನೆತನದ ಬಣ್ಣಗಳು

ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಮೊದಲು ಬಿಳಿ ಆಮೇಲೆ ಬೆಳ್ಳಿ. ರೇಸಿನಲ್ಲಿ ದೇಶಕ್ಕೊಂದು ಬಣ್ಣ ಎಂಬ ಪದ್ಧತಿ ಸುಮಾರು ನೂರಿಪ್ಪತ್ತು ವರ್ಷ ಹಳೆಯದು. ಫೆರಾರಿಯ ರೊಸ್ಸೊ ಕೊರ್ಸಾ ಅಂದರೆ ‘ರೇಸಿನ ಕೆಂಪು’ ಅಷ್ಟೇ. ಲಾಂಛನದಲ್ಲಿ ಕುದುರೆಯ ಹಿಂದಿರುವ ಹಳದಿಯಾದರೋ ಮೊದೆನಾ ಊರಿನ ಬಣ್ಣ, ಆದ್ದರಿಂದ ಜಾಲ್ಲೊ ಮೊದೆನಾ ಕೂಡ ಅಷ್ಟೇ ಮನೆಯದು. ಫೆರಾರಿಯ ಎಫ್40 ಕಾರ್ಖಾನೆಯಿಂದ ಕೆಂಪಿನಲ್ಲಿ ಮಾತ್ರ ಬಂತು, ಪೇಂಟ್ ಎಷ್ಟು ತೆಳುವೆಂದರೆ ಕೆಳಗಿನ ನಾರಿನ ನೇಯ್ಗೆ ಕಾಣುತ್ತದೆ. ಮೆಕ್‌ಲಾರೆನ್‌ನ ಪಪಾಯ ಕಿತ್ತಳೆ 1967ರ ಕ್ಯಾನ್-ಆ್ಯಮ್ (ಕೆನಡಾ-ಅಮೆರಿಕ) ಸರಣಿಯ ರೇಸ್ ಕಾರುಗಳಿಂದ ಬಂದದ್ದು.

ಆದರೂ ಫೆರಾರಿ ಅಂದರೆ ಕೆಂಪೇ ಆಗಬೇಕು ಅನ್ನುವವರಿಗೆ ನಾನು 1964 ನೆನಪಿಸುತ್ತೇನೆ. ಆ ವರ್ಷ ಇಟಲಿಯ ಮೋಟಾರ್ ಸಂಸ್ಥೆಯೊಂದಿಗೆ ಮುನಿಸಿಕೊಂಡ ಎಂಝೊ ಫೆರಾರಿ, ಕೊನೆಯ ಎರಡು ರೇಸುಗಳಿಗೆ ಕಾರುಗಳನ್ನು ಅಮೆರಿಕದ ತಂಡದ ನೀಲಿ-ಬಿಳಿಯಲ್ಲಿ ಇಳಿಸಿದರು. ಅವರ ಚಾಲಕ ಜಾನ್ ಸರ್ಟೀಸ್ ವಿಶ್ವ ಚಾಂಪಿಯನ್ ಆದದ್ದು ಆ ನೀಲಿ-ಬಿಳಿ ಕಾರಿನಲ್ಲಿ. ಕೆಂಪು ಇಷ್ಟವಿದ್ದರೆ ಖಂಡಿತ ತೆಗೆದುಕೊಳ್ಳಿ. ಬರೀ ಭಯಕ್ಕೆ ತೆಗೆದುಕೊಳ್ಳಬೇಡಿ.

ಪೇಂಟಿನ ಬಗೆ: ಇಲ್ಲಿ ಆತುರ ಬೇಡ

ಬಣ್ಣ ಒಂದು ನಿರ್ಧಾರ, ಅದು ಯಾವ ಬಗೆಯ ಪೇಂಟಿನಲ್ಲಿ ಬರುತ್ತದೆ ಅನ್ನುವುದು ಇನ್ನೊಂದು. ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ, ಮೇಲೆ ಕ್ಲಿಯರ್‌ಕೋಟ್. ಎಲ್ಲ ಸೇರಿ ಕಾರ್ಖಾನೆಯ ಪೇಂಟ್ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಪಾಲಿಶ್ ಮಾಡಲು ಸಿಗುವುದು ಮೇಲಿನ ಕ್ಲಿಯರ್‌ಕೋಟ್‌ನ ಕೆಲವೇ ಮೈಕ್ರಾನ್. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ ಅಂದರೆ ಲೆಕ್ಕ ಹಾಕಿ.

ಗಟ್ಟಿ ಬಣ್ಣ, ಅಂದರೆ ಮಿನುಗಿಲ್ಲದ ಸಾಲಿಡ್, ಎಲ್ಲಕ್ಕಿಂತ ಸರಳ. ಬಂಪರ್ ಉಜ್ಜಿ ಹೋದರೆ ಒಳ್ಳೆಯ ಪೇಂಟರ್ ಕೈಯಲ್ಲಿ ಗುರುತೇ ಉಳಿಯದಂತೆ ರಿಪೇರಿಯಾಗುತ್ತದೆ. ಈಗೀಗ ಬೂದು ಬಿಳುಪಿನ ಸಾಲಿಡ್‌ಗಳು, ಪೋರ್ಷೆಯ ಚಾಕ್ ಥರದವು, ಬಹಳ ಜನಪ್ರಿಯ. ನನಗೂ ಇಷ್ಟ.

ಮೆಟಾಲಿಕ್ ರಿಪೇರಿಯಲ್ಲಿ ಚೂರುಗಳು ಒರಗುವ ಬಗೆ ಸ್ಪ್ರೇ ಗನ್ ಹಿಡಿದ ಕೈಯ ಮೇಲೆ ನಿಂತಿದೆ. ಬಣ್ಣ ಒಂದೇ ಇದ್ದರೂ ಹೊಸ ಬಾಗಿಲು ಓರೆಯಿಂದ ಬೇರೆಯಾಗಿ ಕಾಣಬಹುದು.

ಅತಿ ಚೆಂದವೂ ಅತಿ ಕಷ್ಟವೂ ಆದದ್ದು ಮೂರು ಪದರದ ಪರ್ಲ್. ಕೆಳಗೆ ಒಂದು ಬಣ್ಣ, ಅದರ ಮೇಲೆ ಅರೆಪಾರದರ್ಶಕ ಮುತ್ತಿನ ಪದರ, ಅದರ ಮೇಲೆ ಕ್ಲಿಯರ್. ಫೆರಾರಿಯ ಒಂದು ಹಳದಿಯ ಹೆಸರೇ ಜಾಲ್ಲೊ ತ್ರಿಪ್ಲೊ ಸ್ತ್ರಾತೊ, ಅಂದರೆ ಮೂರು ಪದರದ ಹಳದಿ. ಲ್ಯಾಂಬೋರ್ಗಿನಿಯ ವೆರ್ದೆ ಮಾಂಟಿಸ್ ಹಸಿರು, ಅರಾಂಚೊ ಬೊರಿಯಾಲಿಸ್ ಕಿತ್ತಳೆ ಪರ್ಲ್ ಬಣ್ಣಗಳು. ಬಿಸಿಲಿಗೆ ಬಂದಾಗ ಅವು ಒಳಗಿನಿಂದ ಬೆಳಗುತ್ತವೆ. ಆದರೆ ನಡುವಿನ ಪದರ ಒಂದು ಸಲ ಹೆಚ್ಚು ಹೊಡೆದರೂ ಬಣ್ಣ ಬದಲಾಗುತ್ತದೆ. ಸಣ್ಣ ಗೀರಿಗೂ ಪಕ್ಕದ ಹಲಗೆಗಳವರೆಗೆ ಪೇಂಟ್ ಹರಡಬೇಕಾಗುತ್ತದೆ. ದಿನವೂ ಟ್ರಾಫಿಕ್ಕಿನಲ್ಲಿ ಓಡುವ ಕಾರಿಗೆ ಇದನ್ನು ಆರಿಸುವ ಮುನ್ನ ನಿಮ್ಮ ಊರಿನಲ್ಲಿ ಇದನ್ನು ಹೊಡೆಯಬಲ್ಲ ಕೈ ಇದೆಯೇ ಎಂದು ಕೇಳಿ.

ಇನ್ನು ಮ್ಯಾಟ್. ಹೊಳಪು ಹುಟ್ಟುವುದು ಮೇಲ್ಮೈ ನುಣುಪಾಗಿದ್ದಾಗ. ಮ್ಯಾಟ್ ಕ್ಲಿಯರ್‌ಕೋಟ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒರಟುತನ ಬೇಕೆಂದೇ ಇಟ್ಟಿರುತ್ತಾರೆ, ಬೆಳಕು ಚದುರುತ್ತದೆ. ಈ ಒರಟನ್ನು ಉಜ್ಜಿದರೆ ಅದು ನುಣುಪಾಗುತ್ತದೆ, ಅಂದರೆ ಹೊಳೆಯುತ್ತದೆ. ಮತ್ತೆ ಮ್ಯಾಟ್ ಮಾಡಲು ಬರುವುದಿಲ್ಲ. ನನ್ನ ಬಳಿ ಒಂದು ಮ್ಯಾಟ್ ಬೂದು ಕಾರು ಬಂದಿತ್ತು. ಮಾಲೀಕರು ಊರಲ್ಲಿಲ್ಲದಾಗ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವ ಹುಡುಗ ಪ್ರೀತಿಯಿಂದಲೇ ಬಾಗಿಲಿಗೆ ಪಾಲಿಶ್ ಹಾಕಿ ತಿಕ್ಕಿದ್ದ. ಬಾಗಿಲ ನಡುವೆ ಎರಡು ಅಂಗೈ ಅಗಲದ ಹೊಳೆಯುವ ಮಚ್ಚೆ. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಇಡೀ ಬಾಗಿಲಿಗೆ ಹೊಸದಾಗಿ ಪೇಂಟ್ ಆಯಿತು. ಮಾಲೀಕರ ಮುಖಕ್ಕಿಂತ ಆ ಹುಡುಗನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಆದ್ದರಿಂದ ಮ್ಯಾಟ್ ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ: ಹೊಳಪಿನ ಬಣ್ಣವನ್ನೇ ಆರ್ಡರ್ ಮಾಡಿ, ಕಾರು ಬಂದ ಮೇಲೆ ಮ್ಯಾಟ್ ಪಿಪಿಎಫ್ ಹಾಕಿಸಿ. ಫಿಲ್ಮ್ ಹಾಳಾದರೆ ಆ ಹಲಗೆಯದ್ದನ್ನಷ್ಟೇ ಕಿತ್ತು ಹೊಸದು ಹಾಕಬಹುದು. ಬೇಸರವಾದರೆ ಕೆಳಗೆ ಹೊಳಪು ಕಾದಿರುತ್ತದೆ.

ಲೋಹದ ಮೇಲಿನ ಸ್ಯಾಂಪಲ್, ಬಿಸಿಲಿನಲ್ಲಿ

ಫೋನಿನ ಪರದೆಗೆ ಪಪಾಯ ಕಿತ್ತಳೆಯನ್ನೋ ಪರ್ಲ್ ಹಸಿರನ್ನೋ ಇದ್ದ ಹಾಗೆ ತೋರಿಸುವ ಶಕ್ತಿಯೇ ಇಲ್ಲ. ಡೀಲರ್ ಬಳಿ ಅಂಗೈ ಅಗಲದ, ಬಾಗಿದ ಮೈಯ ಪೇಂಟ್ ಸ್ಯಾಂಪಲ್‌ಗಳು ಇರುತ್ತವೆ. ಅವನ್ನು ಕೇಳಿ ಪಡೆದು ಹೊರಗೆ ತನ್ನಿ. ಒಳಗೆ ನೋಡಿ ಸಹಿ ಹಾಕಬೇಡಿ.

ಒಮ್ಮೆ ಒಬ್ಬ ಗೆಳೆಯರಿಗಾಗಿ ಎರಡು ಕಡು ಹಸಿರು ತುಂಡುಗಳನ್ನು ಹಿಡಿದು ನಿಂತಿದ್ದೆವು. ದೀಪದ ಕೆಳಗೆ ಎರಡೂ ಅವಳಿಜವಳಿ, ಕಪ್ಪಿಗೆ ಹತ್ತಿರ. ಬೇಸ್‌ಮೆಂಟ್ ರ‍್ಯಾಂಪ್ ಹತ್ತುತ್ತಾ ಹತ್ತುತ್ತಾ ಒಂದು ಹಾಗೇ ಉಳಿಯಿತು. ಇನ್ನೊಂದು, ಹೊರಗಿನ ಬೆಳಕು ತಾಗಿದ್ದೇ ತಡ, ಒಳಗಿನಿಂದ ಹೊಂಬಣ್ಣ ಬಿಟ್ಟಿತು. ಸಂಜೆ ಐದೂವರೆಯ ಬಿಸಿಲಿಗೆ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಅಂಚಿನಲ್ಲಿ ಹಸಿರು, ಉಬ್ಬಿನಲ್ಲಿ ಜೇನಿನ ಬಣ್ಣ. ಅವರು ಐದು ನಿಮಿಷ ಮಾತೇ ಆಡಲಿಲ್ಲ. ಒಂದು ತಿಂಗಳ ಚರ್ಚೆ ಆ ರ‍್ಯಾಂಪಿನಲ್ಲಿ ಮುಗಿಯಿತು.

ನೀವೂ ಹಾಗೇ ಮಾಡಿ. ಬೆಳಗ್ಗೆ, ಮಟಮಟ ಮಧ್ಯಾಹ್ನ, ಸಂಜೆ, ರಾತ್ರಿ ನಿಮ್ಮ ಪಾರ್ಕಿಂಗ್ ದೀಪದ ಕೆಳಗೆ, ನಾಲ್ಕು ಸಲ ನೋಡಿ. ತುಂಡಿನ ಮೇಲೆ ನೀರು ಚಿಮುಕಿಸಿ ನೋಡಿ, ಮಳೆಯಲ್ಲಿ ಹೇಗಿರುತ್ತದೆಂದು ಗೊತ್ತಾಗುತ್ತದೆ. ಚರ್ಮದ ತುಂಡನ್ನೂ ಜೊತೆಗಿಟ್ಟು ನೋಡಿ, ಒಳಗೆ ಕೂಡಿದ ಎರಡು ಬಣ್ಣ ಹೊರಗೆ ಜಗಳವಾಡುವುದುಂಟು. ಅಂಗೈ ಅಗಲದಲ್ಲಿ ಕಂಡ ಬಣ್ಣ ಇಡೀ ಕಾರಿನ ಮೇಲೆ ಇನ್ನಷ್ಟು ತಿಳಿಯಾಗಿ, ಇನ್ನಷ್ಟು ಎದ್ದು ಕಾಣುತ್ತದೆ. ಆದ್ದರಿಂದ ಎರಡರ ನಡುವೆ ತೂಗುಯ್ಯಾಲೆಯಾದರೆ ಸ್ವಲ್ಪ ಕಡು ಇರುವುದನ್ನು ಹಿಡಿಯಿರಿ.

ಪಟ್ಟಿಯಲ್ಲಿಲ್ಲದ ಬಣ್ಣ ಬೇಕಾದರೆ ಕಂಪನಿಗಳ ವಿಶೇಷ ಸೇವೆಗಳ ದಾರಿ ಇದೆ. ಪೋರ್ಷೆಯ ಪೇಂಟ್ ಟು ಸ್ಯಾಂಪಲ್, ಫೆರಾರಿಯ ಟೈಲರ್ ಮೇಡ್, ಲ್ಯಾಂಬೋರ್ಗಿನಿಯ ಆ್ಯಡ್ ಪರ್ಸೊನಾಮ್, ಮೆಕ್‌ಲಾರೆನ್‌ನ ಎಂಎಸ್‌ಒ, ಆಸ್ಟನ್ ಮಾರ್ಟಿನ್‌ನ ಕ್ಯೂ. ಪೋರ್ಷೆಯಲ್ಲಿ ಮೊದಲೇ ಪರೀಕ್ಷೆ ಮುಗಿಸಿದ ನೂರಕ್ಕೂ ಹೆಚ್ಚು ಬಣ್ಣಗಳಿವೆ, ಅದರಾಚೆಯದು ಬೇಕೆಂದರೆ ನೀವು ತಂದ ಮಾದರಿಯನ್ನು ಪರೀಕ್ಷಿಸಿ ಆಗುತ್ತದೋ ಇಲ್ಲವೋ ಹೇಳುತ್ತಾರೆ. ದುಡ್ಡಿನ ಜೊತೆ ತಿಂಗಳುಗಳೂ ಬೇಕು. ಭಾರತಕ್ಕೆ ಪೂರ್ತಿ ಸಿದ್ಧವಾಗಿ ಆಮದಾಗುವ ಕಾರಿಗೆ ಆಯ್ಕೆಗಳ ಬೆಲೆಯ ಮೇಲೂ ಸುಂಕ, ತೆರಿಗೆ ಬೀಳುತ್ತದೆ ಎಂಬುದನ್ನು ನೆನಪಿಡಿ. ಯುರೋದಲ್ಲಿ ಸಣ್ಣದಾಗಿ ಕಂಡ ಮೊತ್ತ ಇಲ್ಲಿಗೆ ಬರುವಾಗ ಮೈ ತುಂಬಿಕೊಂಡಿರುತ್ತದೆ.

ಕಾರ್ಬನ್, ಚಕ್ರ, ಕ್ಯಾಲಿಪರ್

ಇಲ್ಲಿ ನನ್ನದು ಒಂದೇ ನಿಯಮ: ಕೂಗುವುದು ಒಂದೇ ಇರಲಿ. ಮೈ ಕೂಗುತ್ತಿದ್ದರೆ ಚಕ್ರ ಸುಮ್ಮನಿರಬೇಕು. ಹಳದಿ ಕಾರಿಗೆ ಹಳದಿ ಕ್ಯಾಲಿಪರ್ (ಚಕ್ರದ ಕಡ್ಡಿಗಳ ನಡುವೆ ಕಾಣುವ ಬ್ರೇಕಿನ ಹಿಡಿ) ಚೆಂದ, ಕೆಂಪು ಕ್ಯಾಲಿಪರ್ ಹಬ್ಬದ ತೋರಣ. ಕಡು ಹಸಿರು ಅಥವಾ ಬೂದು ಮೈಗೆ ಹಳದಿ ಕ್ಯಾಲಿಪರ್ ಒಂದು ಚುಕ್ಕೆಯ ಹಾಗೆ ಕೂರುತ್ತದೆ. ಪೋರ್ಷೆಯಲ್ಲಿ ಹಳದಿ ಕ್ಯಾಲಿಪರ್ ಅಂದರೆ ಸೆರಾಮಿಕ್ ಬ್ರೇಕ್ ಎಂಬ ಗುರುತೂ ಹೌದು.

ಕಪ್ಪು ಚಕ್ರವನ್ನು ಕಣ್ಣು ಮುಚ್ಚಿ ಆರಿಸುವವರೇ ಹೆಚ್ಚು. ನೋಡಿ ಆರಿಸಿ. ಕಪ್ಪು ಟೈರಿನೊಳಗೆ ಕಪ್ಪು ಚಕ್ರ ಇಟ್ಟರೆ ಅಷ್ಟು ಕಷ್ಟಪಟ್ಟು ಮಾಡಿದ ಕಡ್ಡಿಗಳ ವಿನ್ಯಾಸ ಹತ್ತು ಅಡಿ ದೂರದಿಂದಲೇ ಮಾಯ. ಬೆಳ್ಳಿ ಅಥವಾ ಕಂಚು ಚಕ್ರವನ್ನು ದೊಡ್ಡದಾಗಿ ತೋರಿಸುತ್ತದೆ. ಕಾರ್ಬನ್ ಸೆರಾಮಿಕ್ ಬ್ರೇಕಿನ ಧೂಳು ಕಡಿಮೆಯಾದ್ದರಿಂದ ತಿಳಿ ಚಕ್ರ ಕೊಳೆಯಾಗುತ್ತದೆಂಬ ಹೆದರಿಕೆಯೂ ಬೇಡ.

ಕಾರ್ಬನ್ ಫೈಬರ್‌ನಲ್ಲಿ ನೇಯ್ದದ್ದು ಒಂದು, ಚೂರು ಚೂರು ನಾರನ್ನು ಅಚ್ಚೊತ್ತಿದ ಫೋರ್ಜ್ಡ್ ಇನ್ನೊಂದು. ಎರಡನೆಯದನ್ನು ಲ್ಯಾಂಬೋರ್ಗಿನಿ 2010ರ ಸೆಸ್ತೊ ಎಲೆಮೆಂತೊದಲ್ಲಿ ಎಲ್ಲರಿಗೂ ತೋರಿಸಿತು, ಕರಿಕಲ್ಲಿನ ಮೈಯಂತೆ ಕಾಣುತ್ತದೆ. ಎರಡನ್ನೂ ಒಂದೇ ಕಾರಿನಲ್ಲಿ ಬೆರೆಸಬೇಡಿ. ಮುಂದಿನ ಸ್ಪ್ಲಿಟರ್‌ಗೆ ಕಾರ್ಬನ್ ಹಾಕಿಸುವಾಗ ನಿಮ್ಮ ರಸ್ತೆಯ ಹಂಪ್‌ಗಳನ್ನು ನೆನಪಿಸಿಕೊಳ್ಳಿ, ಮೊದಲು ಉಜ್ಜುವುದು ಅದೇ ತುಟಿ. ಕನ್ನಡಿ, ಎಂಜಿನ್ ಕೋಣೆ, ಒಳಗಿನ ಭಾಗಗಳು ಕಾರ್ಬನ್ನಿಗೆ ಒಳ್ಳೆಯ ಜಾಗ.

ಒಳಗೆ

ಡ್ಯಾಶ್‌ಬೋರ್ಡಿನ ಮೇಲ್ಭಾಗ ಕಡು ಬಣ್ಣದ್ದೇ ಇರಲಿ. ಇದು ರುಚಿಯ ಮಾತಲ್ಲ. ಸೂಪರ್‌ಕಾರಿನ ಮುಂದಿನ ಗಾಜು ಬಹಳ ಒರಗಿರುತ್ತದೆ, ತಿಳಿ ಬಣ್ಣದ ಡ್ಯಾಶ್ ಬಿಸಿಲಿನಲ್ಲಿ ಅದರಲ್ಲಿ ಪ್ರತಿಬಿಂಬಿಸಿ ರಸ್ತೆಯ ಮೇಲೆ ಹಾಲು ಚೆಲ್ಲಿದಂತಾಗುತ್ತದೆ. ತಿಳಿ ಬಣ್ಣ ಬೇಕಾದರೆ ಸೀಟು, ಬಾಗಿಲಿನ ಕೆಳಭಾಗದಲ್ಲಿ ತನ್ನಿ.

ಕೆನೆ ಬಣ್ಣದ ಸೀಟಿಗೆ ಜೀನ್ಸ್ ಶತ್ರು, ಹೊಸ ಪ್ಯಾಂಟಿನ ನೀಲಿ ಚರ್ಮಕ್ಕೆ ಇಳಿಯುತ್ತದೆ. ಕಂದು, ಇಟ್ಟಿಗೆ ಬಣ್ಣ ಸುರಕ್ಷಿತ, ಹಸಿರು ನೀಲಿ ಬೂದು ಮೈಗಳಿಗೆಲ್ಲ ಒಪ್ಪುತ್ತದೆ. ಆಲ್ಕಂತಾರಾ ಚರ್ಮವಲ್ಲ, 1970ರಲ್ಲಿ ಜಪಾನಿನ ಮಿಯೋಶಿ ಒಕಾಮೊತೊ ರೂಪಿಸಿದ ಸೂಕ್ಷ್ಮ ನಾರಿನ ಬಟ್ಟೆ. ಸೀಟಿಗೆ ಬಹಳ ಒಳ್ಳೆಯದು, ಬೆವರಿಗೆ ಜಾರುವುದಿಲ್ಲ, ಬಿಸಿಲಲ್ಲಿ ನಿಂತರೂ ಮೈ ಸುಡುವುದಿಲ್ಲ. ಸ್ಟೀರಿಂಗ್‌ಗೆ ಹಾಕಿಸಿದರೆ ಅಂಗೈಯ ಎಣ್ಣೆಗೆ ರೋಮ ಮಲಗಿ ಜಿಡ್ಡುಗಟ್ಟುತ್ತದೆ. ಸೆಕೆಯ ಊರಿನವರು, ಮಂಗಳೂರಿನ ಕಡೆಯವರು ಮುಖ್ಯವಾಗಿ, ಸ್ಟೀರಿಂಗ್‌ಗೆ ನುಣುಪು ಚರ್ಮವನ್ನೇ ಹಾಕಿಸಿಕೊಳ್ಳಿ.

ನಮ್ಮ ನಿಯಮದಂತೆ ಮುಂದಿನ ಹಿಂದಿನ ಗಾಜುಗಳಲ್ಲಿ ಕನಿಷ್ಠ 70%, ಪಕ್ಕದ ಗಾಜುಗಳಲ್ಲಿ 50% ಬೆಳಕು ಹಾಯಬೇಕು. ಹಾಗಾಗಿ ಒಳಗಿನ ಬಣ್ಣ ಹೊರಗಿನವರಿಗೂ ಕಾಣುತ್ತದೆ. ಅದನ್ನು ಹೊರಮೈಯ ಭಾಗವೆಂದೇ ಎಣಿಸಿ.

ಭಾರತದಲ್ಲಿ ಓಡಿಸುವವರಿಗೆ

ಹಸಿರು ಬಯಸುವವರು ಇದನ್ನು ಗಮನಿಸಿ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದಂತೆ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಕಂದು ಬೆರೆತ ಮ್ಯಾಟ್ ಹಸಿರುಗಳು ಆ ಗಡಿಯ ಹತ್ತಿರ ಹೋಗುತ್ತವೆ, ಬುಕ್ ಮಾಡುವ ಮುನ್ನ ಡೀಲರ್‌ನಿಂದ ಬರಹದಲ್ಲಿ ಸ್ಪಷ್ಟನೆ ಪಡೆಯಿರಿ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಆಮೇಲೆ ರ‍್ಯಾಪ್ (ಮೈಗೆ ಅಂಟಿಸುವ ಬಣ್ಣದ ಫಿಲ್ಮ್) ಹಾಕಿ ಬಣ್ಣ ಬದಲಿಸುವುದಾದರೆ ಆರ್‌ಟಿಒದಲ್ಲಿ ತಿದ್ದಿಸಿಕೊಳ್ಳಬೇಕು. ಮುಂದಿನ ನಂಬರ್ ಪ್ಲೇಟ್ ಎಲ್ಲಿ ಕೂರುತ್ತದೆಂದು ಮೊದಲೇ ಕೇಳಿ. ಕಾರ್ಬನ್ ಮೂತಿಯ ನಟ್ಟನಡುವೆ ತೂತು ಕೊರೆಯುವುದನ್ನು ನೋಡುವ ಹಾಗಾಗಬಾರದು.

ಸಹಿ ಹಾಕುವ ದಿನ

ಉತ್ಪಾದನೆಗೆ ಕೆಲವು ತಿಂಗಳ ಮುಂಚೆ ಆರ್ಡರ್ ಗಟ್ಟಿಯಾಗುತ್ತದೆ, ಆಮೇಲೆ ದಾರದ ಬಣ್ಣವೂ ಬದಲಾಗದು. ಆ ದಿನಾಂಕವನ್ನು ಬುಕಿಂಗ್ ದಿನವೇ ಕೇಳಿಟ್ಟುಕೊಳ್ಳಿ. ಕೊನೆಯ ಹಾಳೆ ಬಂದಾಗ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಇನ್ನೊಬ್ಬರು ಗೀಟು ಹಾಕುತ್ತಾ ಹೋಗಲಿ: ಮೈ, ಮಾಡು, ಕನ್ನಡಿ, ಚಕ್ರ, ಕ್ಯಾಲಿಪರ್, ಲಾಂಛನ, ಸೈಲೆನ್ಸರ್ ತುದಿ, ಸೀಟು, ಹೊಲಿಗೆ, ಬೆಲ್ಟು, ಕಾರ್ಪೆಟ್. ನೀವು ಏನೂ ಹೇಳದ ಸಾಲುಗಳಲ್ಲಿ ಕಂಪನಿಯ ಮಾಮೂಲಿ ಬಣ್ಣ ಕೂತಿರುತ್ತದೆ. ಇಡೀ ಒಳಾಂಗಣ ಕಂದು ಹೇಳಿ, ಸೀಟ್ ಬೆಲ್ಟ್ ಮರೆತು ಕೆಂಪು ಬಂದದ್ದನ್ನು ನೋಡಿದ್ದೇನೆ.

ಮರುಮಾರಾಟದ ಬೆಲೆಗಾಗಿ ಬಿಳಿ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಎರಡು ವರ್ಷದಲ್ಲಿ ಮಾರುವ ಲೆಕ್ಕವಿದ್ದರೆ ಕೇಳಿ. ಇಟ್ಟುಕೊಳ್ಳುವ ಕಾರಾದರೆ, ರ‍್ಯಾಂಪ್ ಹತ್ತುವಾಗ ನಿಮ್ಮ ಮಾತು ನಿಲ್ಲಿಸಿದ ಬಣ್ಣವನ್ನೇ ಬರೆಸಿ.

ಪೇಂಟ್ ಕೋಡ್ ಬರೆದ ಹಾಳೆ, ಚರ್ಮದ ಮತ್ತು ದಾರದ ಕೋಡ್‌ಗಳು, ಸಾಧ್ಯವಾದರೆ ಆ ಸ್ಯಾಂಪಲ್ ತುಂಡು, ಎಲ್ಲ ಒಂದೇ ಫೈಲಿನಲ್ಲಿರಲಿ. ಪಿಪಿಎಫ್ ಹಾಕುವವರ ಬಳಿ ಕಾರು ಊರಿಗೆ ಬರುವ ಮೊದಲೇ ದಿನ ಗೊತ್ತುಮಾಡಿ. ಸುಮಾರು 200 ಮೈಕ್ರಾನಿನ ಆ ಫಿಲ್ಮ್ ನಿಮ್ಮ ಕಾರಿನ ಇಡೀ ಪೇಂಟಿಗಿಂತ ದಪ್ಪ, ಕಲ್ಲಿನ ಏಟು ಅದು ತಿನ್ನಲಿ. ಡೀಲರ್‌ಗೆ ‘ತೊಳೆಯಬೇಡಿ, ಒರೆಸಬೇಡಿ’ ಎಂದು ಬರೆದು ಕೊಡಿ, ಸಾಗಣೆಯ ಹೊದಿಕೆ ಹಾಗೇ ಇರಲಿ. ಶೋರೂಂನಿಂದ ಫ್ಲಾಟ್‌ಬೆಡ್ ಮೇಲೆ ನೇರ ಫಿಲ್ಮ್ ಹಾಕುವ ಜಾಗಕ್ಕೆ ತರಿಸಿ, ಹೊದಿಕೆ ತೆಗೆಯುವಾಗ ನೀವೇ ಹಾಜರಿದ್ದು, ಸ್ಯಾಂಪಲ್ ತುಂಡನ್ನು ಬಾನೆಟ್ ಪಕ್ಕ ಹಿಡಿದು ನೋಡಿ.